ಬಾಡಿ ಅರ್ತ್

ಹಳದಿ ಫಾಗ್ ಲ್ಯಾಂಪು, ಜೋಡಿ ಒಂಬೈನೂರು.
‘ಫಿಟ್ಟಿಂಗಿಗೆ ಆರುನೂರು ಬೇರೆ’ ಅಂದ
ನೆಹರೂ ರಸ್ತೆಯ ಅಂಗಡಿಯವನು.
ಇನ್ನೂರು ಎಲೆಗೆ ಹುಳಿ ಹದ ಮಾಡುವವಳಿಗೆ
ನಾಲ್ಕು ತಂತಿ ಯಾವ ಲೆಕ್ಕ ಅಂತ
ಡಬ್ಬ ಬಗಲಲ್ಲಿಟ್ಟುಕೊಂಡು ಬಂದೆ.

ಡಬ್ಬದೊಳಗೊಂದು ಚೀಟಿ, ಚೀಟಿಯಲ್ಲೊಂದು ಚಿತ್ರ.
ಚಿತ್ರದಲ್ಲಿದ್ದದ್ದು ಯಾವುದೋ ದೊಡ್ಡವರ ಕಾರು.
ನನ್ನದು ಇಪ್ಪತ್ತೆರಡು ವರ್ಷದ ಓಮ್ನಿ,
ಹಿಂದಿನ ಸೀಟು ಕಿತ್ತು ಕೊಳದಪ್ಪಲೆ ಕೂರಿಸಿದ್ದು.
ಚೀಟಿ ಮಡಿಸಿ ಸಾರಿನ ಪುಡಿ ಡಬ್ಬಿಯ ಕೆಳಗಿಟ್ಟೆ.
ಅದು ಮೊದಲನೇ ತಪ್ಪು.
ಮುಂದಿನವು ಎಣಿಸಬೇಡಿ, ನಾನೂ ಎಣಿಸಿಲ್ಲ.

ಧನುರ್ಮಾಸ, ಮದುವೆಗಳಿಲ್ಲ, ಕೈಗೆ ಕೆಲಸವಿಲ್ಲ.
ಗೋಪಾಳದ ನಮ್ಮ ಗಲ್ಲಿಯಲ್ಲಿ
ಬಡಗಿ ವಾಸುದೇವಾಚಾರಿ ಡ್ರಿಲ್ಲು ಕೊಡುತ್ತ
‘ಮರಕ್ಕಿರುವಷ್ಟು ಕ್ಷಮೆ ತಗಡಿಗಿಲ್ಲ ತಾಯಿ’ ಅಂದ.
ಒತ್ತಿದೆ.
ಬಂಪರು ದಾಟಿತು, ಅದರ ಹಿಂದಿನದನ್ನೂ ದಾಟಿತು.
ಹಿಂದಿನದು, ಗಾಜು ತೊಳೆಯುವ ನೀರಿನ ಡಬ್ಬ.
ಎಳೆಮಗು ಉಚ್ಚೆ ಹೊಯ್ದ ಹಾಗೆ ಸಣ್ಣಗೆ, ಬೆಚ್ಚಗೆ ಮಾತ್ರ ಇಲ್ಲ,
ಸೋಪಿನ ನೀರು ನನ್ನ ಹವಾಯಿ ಚಪ್ಪಲಿಯ ಮೇಲೆ.
ಎಂಸೀಲು ನಾದಿ ಮೆತ್ತಿದೆ,
ಹೋಳಿಗೆ ಒಡೆದಲ್ಲಿ ಕಣಕ ಮೆತ್ತುವಂತೆ.

ದೀಪ ಕೂರಿಸುವ ಪಟ್ಟಿಗೆ ತುಕ್ಕು ಹಿಡಿದಿತ್ತು.
ಗೇಟಿಗೆ ಬಳಿದು ಮಿಕ್ಕ ಹಸಿರು ಬಣ್ಣ
ಎರಡು ಕೋಟು, ಒಣಗಲು ಒಂದು ರಾತ್ರಿ,
ಮತ್ತೆ ಎರಡು ಕೋಟು.
ಯಾವ ತಪ್ಪನ್ನೂ ಇಷ್ಟು ಮುತುವರ್ಜಿಯಿಂದ ಮಾಡಿರಲಿಲ್ಲ.
ಆ ಹೊಳಪಿನ ಮೇಲೆಯೇ ದೀಪದ ಕಪ್ಪು ತಂತಿ,
ಬಲಗಡೆ ಇಂಡಿಕೇಟರಿನ ಕಪ್ಪನ್ನೂ ಬಿಚ್ಚಿ ತಂದು ಅದಕ್ಕೇ ಸೇರಿಸಿ
(ಎರಡು ಬೋಲ್ಟು ಯಾಕೆ ದಂಡ)
ಅಂಗೈ ಕೆಂಪಾಗುವಷ್ಟು ಬಿಗಿದೆ.
ಒಂದು ಸ್ಕ್ರೂ ಮಿಕ್ಕಿತು. ಸಾಸಿವೆ ಡಬ್ಬಿಗೆ ಹಾಕಿದೆ.

ಸಂಕ್ರಾಂತಿ ಕಳೆದು ಮೊದಲ ಮದುವೆ, ಕೊಪ್ಪ.
ಪಾತ್ರೆ ತೊಳೆದು ಹೊರಟಾಗ ರಾತ್ರಿ ಎರಡೂವರೆ.
ಮಂಡಗದ್ದೆಗೆ ಬರುವಾಗ ಮಂಜು,
ಗಂಜಿ ಕುದಿಯುವ ಪಾತ್ರೆಯ ಮುಚ್ಚಳ ತೆಗೆದಷ್ಟು.
ಸ್ವಿಚ್ಚು ಒತ್ತಿದೆ.
ದೀಪ ಹತ್ತಿತು. ಎರಡು ನಿಂಬೆಹಣ್ಣಿನಷ್ಟು ಬೆಳಕು.
ಪಕ್ಕದಲ್ಲಿ ತೂಕಡಿಸುತ್ತಿದ್ದ ಜಲಜಾಕ್ಷಿ
‘ದೇವರ ಕೋಣೇಲಿ ಇದಕ್ಕಿಂತ ಜಾಸ್ತಿ ಇರ್ತದೆ’ ಅಂದು ಮಲಗಿದಳು.

ಹಿಂದೊಂದು ಲಾರಿ.
ಹಾರ್ನಿಲ್ಲ, ಅವಸರವಿಲ್ಲ,
ನಾನು ನಿಧಾನಿಸಿದರೆ ತಾನೂ ನಿಧಾನಿಸುತ್ತ
ಹೆಣ್ಣಿನ ಕಡೆಯವರ ಹಾಗೆ ಹಿಂದೆ ಹಿಂದೆ.
ಗಾಜನೂರಿನ ಹತ್ತಿರ ಪಕ್ಕಕ್ಕೆ ಬಂದು ಕಿಟಕಿ ಇಳಿಸಿ ಕೇಳಿದ:
‘ಅಮ್ಮಾ, ಎಲ್ಲಿ ತಿರುಗ್ತೀರಿ?
ಮಂಡಗದ್ದೆಯಿಂದ ಬಲಕ್ಕೆ ಕೈ ತೋರಿಸ್ತಾನೇ ಇದೀರಿ.
ಬಲಗಡೆ ಹೊಳೆ ಬಿಟ್ರೆ ಏನೂ ಇಲ್ವಲ್ಲ.’

ಇಳಿದು ನೋಡಿದೆ. ನಿಜ.
ಮಿನುಗದೆ, ಸುಮ್ಮನೆ, ಹಟ ಹಿಡಿದ ಹಾಗೆ
ಇಂಡಿಕೇಟರು ಉರಿಯುತ್ತಿತ್ತು ತುಂಗೆಯ ಕಡೆಗೆ.

ಆಟೋ ಕಾಂಪ್ಲೆಕ್ಸಿನಲ್ಲಿ ಜಬೀವುಲ್ಲಾ ಮಂಡಿಯೂರಿ
ಉಗುರಲ್ಲಿ ಹಸಿರು ಬಣ್ಣ ಕೆರೆದು ನಕ್ಕ.
‘ಬಣ್ಣದ ಮೇಲೆ ಅರ್ತ್ ಕೂರಲ್ಲ ಅಕ್ಕಾ.
ಪಾಪ, ಕರೆಂಟು ವಾಪಸು ಹೋಗೋಕೆ ದಾರಿ ಇಲ್ದೆ
ಪಕ್ಕದ ಮನೆ ಒಳಗಿಂದ ಹಾದು ಹೋಗಿದೆ.’
ಉಪ್ಪುಕಾಗದ ತಿಕ್ಕಿ ತಿಕ್ಕಿ
ಒಂದು ರೂಪಾಯಿ ನಾಣ್ಯದಷ್ಟಗಲ ಬರೀ ತಗಡು ಮಾಡಿದ.
ಬೋಲ್ಟು ತಿರುಗಿಸಿದ.
ಎದುರಿನ ಗೋಡೆಯ ಮೇಲೆ ಹಳದಿ ಎರಚಿದ ಹಾಗಾಯಿತು.
ಐವತ್ತು ಕೇಳಿದ, ಜೊತೆಗೆ ನಾಲ್ಕು ಚಿರೋಟಿ.

ಮನೆಗೆ ಬಂದು ಚೀಟಿ ತೆಗೆದು ಓದಿದೆ.
ನಾಲ್ಕನೇ ಸಾಲಿನಲ್ಲೇ ಇತ್ತು. ಸಾರಿನ ಪುಡಿಯ ಘಮ ಬೇರೆ.

ನೀರಿನ ಡಬ್ಬ ಈಗಲೂ ಸೋರುತ್ತದೆ.
ಆ ಸ್ಕ್ರೂ ಎಲ್ಲಿಯದೆಂದು ಜಬೀವುಲ್ಲಾನಿಗೂ ತಿಳಿಯಲಿಲ್ಲ,
ಒಗ್ಗರಣೆ ಹಾಕುವಾಗೆಲ್ಲ ಚಮಚಕ್ಕೆ ತಾಗುತ್ತದೆ.
ಕೊಪ್ಪದಿಂದ ಬರುವ ರಾತ್ರಿ, ದೀಪ ಎಷ್ಟು ಚೆನ್ನಾಗಿದ್ದರೂ,
ಮಂಡಗದ್ದೆ ದಾಟಿದ ಮೇಲೆ
ಒಮ್ಮೆ ಬಲಗಡೆ ನೋಡುತ್ತೇನೆ,
ಅಲ್ಲೊಂದು ತಿರುವು ಇದ್ದರೂ ಇರಬಹುದು ಅಂತ.